ಟ್ರ್ಯಾಕರ್ ಕಳಿಸ್ತಿದೆ, ಮ್ಯಾಪಲ್ಲಿ ಯಾಕೆ ಕಾಣಲ್ಲ?

ಪ್ರಶ್ನೆ: ಸರ್, ಹೋದ ವರ್ಷ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂತು, ಕಾರಿಗೆ ಎಪಿಆರ್‌ಎಸ್ (ಹ್ಯಾಮ್ ರೇಡಿಯೋದಲ್ಲಿ ಲೊಕೇಶನ್, ಸುದ್ದಿ ಕಳಿಸೋ ವ್ಯವಸ್ಥೆ) ಟ್ರ್ಯಾಕರ್ ಹಾಕ್ಸಿದೀನಿ. ಬೆಂಗಳೂರಲ್ಲಿದ್ದಾಗ ಮ್ಯಾಪಲ್ಲಿ ಕಾಣ್ತೀನಿ, ಊರಿಗೆ ಅಂತ ಆಗುಂಬೆ ಕಡೆ ಹೊರಟ್ರೆ ದಾರಿಯಲ್ಲೇ ಮಾಯ. ಜಿಪಿಎಸ್ ಲಾಕ್ ಆಗಿರುತ್ತೆ, ರೇಡಿಯೋನೂ ಟ್ರಾನ್ಸ್‌ಮಿಟ್ ಮಾಡ್ತಿರುತ್ತೆ. ಪವರ್ ಜಾಸ್ತಿ ಮಾಡ್ಲಾ?
– ತೀರ್ಥಹಳ್ಳಿಯ ಓದುಗರು

ಉತ್ತರ: ಬೇಡಿ, ಗುಡ್ಡ ಅಡ್ಡ ಇದ್ರೆ ಪವರ್ ಏರಿಸಿದ್ರೂ ಅಷ್ಟೇನೂ ಉಪಯೋಗ ಆಗಲ್ಲ. ಜಿಪಿಎಸ್ ಬರೀ ಸಿಗ್ನಲ್ ತಗೊಳ್ಳುತ್ತೆ, ನೀವೆಲ್ಲಿದೀರಾ ಅಂತ ಆ ಸ್ಯಾಟಲೈಟಿಗೆ ಗೊತ್ತೇ ಇರಲ್ಲ. ಟ್ರ್ಯಾಕರ್ ಆ ಲೊಕೇಶನ್ನನ್ನ 1200 ಬಾಡ್ ಸ್ಪೀಡಲ್ಲಿ ಟೋನ್ ಮಾಡಿ ವಿಎಚ್‌ಎಫ್‌ನಲ್ಲಿ ಬಿಡುತ್ತೆ ಅಷ್ಟೆ, ಯಾರಿಗಾದ್ರೂ ತಲುಪಿತಾ ಇಲ್ವಾ ಅಂತ ಅದಕ್ಕೆ ಉತ್ತರ ಬರಲ್ಲ. ಅದನ್ನ ಹತ್ತಿರದ ಡಿಜಿಪೀಟರ್ (ಕೇಳಿದ್ದನ್ನೇ ಮತ್ತೆ ಬಿಡೋ ಸ್ಟೇಷನ್) ಕೇಳಿ ಮುಂದಕ್ಕೆ ದಾಟಿಸಬಹುದು, ಆದ್ರೆ ಕೊನೆಗೆ ಇಂಟರ್ನೆಟ್ ಇರೋ ಒಂದು ಐಗೇಟ್ ಸ್ಟೇಷನ್ ಹಿಡಿದು ಎಪಿಆರ್‌ಎಸ್-ಐಎಸ್ ಸರ್ವರಿಗೆ ಹಾಕಬೇಕು, ಆಮೇಲೇ aprs ಮ್ಯಾಪ್ ಸೈಟಲ್ಲಿ ನಿಮ್ಮ ಕಾರು ಕಾಣೋದು. ನಿಮ್ಮ ದಾರಿಯಲ್ಲಿ ಕೇಳೋ ಸ್ಟೇಷನ್ ಇಲ್ಲ, ಸಮಸ್ಯೆ ಅಲ್ಲಿದೆ.

ಹಾಗಾಗಿ ಟ್ರ್ಯಾಕರಿಗೆ ಇನ್ನೂ ದುಡ್ಡು ಸುರಿಯೋ ಬದ್ಲು ತೀರ್ಥಹಳ್ಳಿ ಮನೆ ಮೇಲೇ ಒಂದು ಐಗೇಟ್ ಇಡಿ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಬರೀ ಕೇಳೋ ಚಿಕ್ಕ ರೇಡಿಯೋ), ಆ ಟೋನ್ ಬಿಡಿಸಿ ಓದೋ ಡೈರ್‌ವುಲ್ಫ್ ಅನ್ನೋ ಫ್ರೀ ಸಾಫ್ಟ್‌ವೇರ್, ಎತ್ತರದಲ್ಲಿ ಎರಡು ಮೀಟರ್ ಬ್ಯಾಂಡಿನ (144 ಮೆಗಾಹರ್ಟ್ಸ್ ಸುತ್ತಲಿನ) ಆಂಟೆನಾ, ಇಷ್ಟು ಸಾಕು. ಇರೋ ದುಡ್ಡನ್ನ ಆಂಟೆನಾ ಎತ್ತರಕ್ಕೆ, ಒಳ್ಳೆ ಕೇಬಲ್‌ಗೆ ಹಾಕಿ, ಮಳೆಗಾಲದ ಸಿಡಿಲಿಗೆ ಅರ್ಥಿಂಗ್ ಮಾತ್ರ ಮರೀಬೇಡಿ. ಪಕ್ಕದೂರಲ್ಲಿ ಇನ್ನೊಬ್ರು ಇಟ್ಟಿದಾರೆ ಅಂತ ಸುಮ್ಮನಾಗೋದೂ ಬೇಡ, ಒಂದೇ ಪ್ಯಾಕೆಟ್ (ಟ್ರ್ಯಾಕರ್ ಒಂದು ಸಲಕ್ಕೆ ಬಿಟ್ಟ ಸಂದೇಶ) ನಾಲ್ಕು ಐಗೇಟಿಂದ ಬಂದ್ರೂ ಡೂಪ್ಲಿಕೇಟ್‌ಗಳನ್ನ ಸರ್ವರೇ ತೆಗೆದುಹಾಕುತ್ತೆ. ಫ್ರೀಕ್ವೆನ್ಸಿ ಅಮೆರಿಕದಲ್ಲಿ 144.390, ಯೂರೋಪಲ್ಲಿ 144.800 ಮೆಗಾಹರ್ಟ್ಸ್, ನಿಮ್ಮ ಕಡೆದು ಹ್ಯಾಮ್ ಕ್ಲಬ್ಬಿನೋರನ್ನ ಕೇಳಿ ಸೆಟ್ ಮಾಡ್ಕೊಳ್ಳಿ.

ಟ್ರ್ಯಾಕರಿನ ಪಾತ್ (ಎಷ್ಟು ಡಿಜಿಪೀಟರ್ ದಾಟಬೇಕು ಅನ್ನೋ ಸೆಟ್ಟಿಂಗ್) WIDE1-1,WIDE2-1 ಇದ್ರೆ ಸಾಕು. ದೂರ ಹೋಗ್ಲಿ ಅಂತ ದೊಡ್ಡ ನಂಬರ್ ಹಾಕಿದ್ರೆ ನಿಮ್ಮ ಪ್ಯಾಕೆಟ್ಟೇ ಸುತ್ತಿ ಸುತ್ತಿ ಚಾನೆಲ್ ತುಂಬಿಸುತ್ತೆ, ಬೇರೆಯವರದ್ದು ಹಾಳಾಗುತ್ತೆ.

ಇನ್ನೊಂದು ವಿಷ್ಯ, ಬರೀ ಕೇಳೋ ಐಗೇಟ್ ನೆಟ್ಟಿಂದ ಬಂದ ಮೆಸೇಜನ್ನ ನಿಮ್ಮ ರೇಡಿಯೋಗೆ ತಲುಪಿಸಲ್ಲ. ಎಪಿಆರ್‌ಎಸ್ ಕಟ್ಟಿದ ಬಾಬ್ ಬ್ರುನಿಂಗಾ (2022ರಲ್ಲಿ ತೀರಿಕೊಂಡ್ರು) ಇದು ಬರೀ ಗಾಡಿ ಹುಡುಕೋ ಸಿಸ್ಟಮ್ ಅಲ್ಲ, ಎರಡೂ ಕಡೆಯಿಂದ ಸುದ್ದಿ ಹೋಗಿಬರೋ ವ್ಯವಸ್ಥೆ ಅಂತ ಕೊನೆವರೆಗೂ ಒತ್ತಿ ಹೇಳ್ತಿದ್ರು, ನೆರೆ ಬಂದು ಮೊಬೈಲ್ ಟವರ್ ಬಿದ್ದಾಗ ಆ ಮಾತಿನ ಬೆಲೆ ಗೊತ್ತಾಗುತ್ತೆ. ಹಾಗಾಗಿ ಕೈಲಾದಾಗ ಟ್ರಾನ್ಸ್‌ಮಿಟ್ ಕೂಡ ಮಾಡೋ ಐಗೇಟಿಗೆ ಬನ್ನಿ.

ಪ್ರಶ್ನೆ: ಲೈಸೆನ್ಸ್ ಇಲ್ದೆ ಐಗೇಟ್ ಇಡಬಹುದಾ? ನಮ್ಮೂರಲ್ಲಿ ಬೇರೆ ಹ್ಯಾಮ್ ಯಾರೂ ಇಲ್ಲ, ಇಟ್ರೆ ಏನು ಕೇಳ್ಸುತ್ತೆ?
– ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ಇಲ್ಲ, ಸರ್ವರಿಗೆ ಪ್ಯಾಕೆಟ್ ಹಾಕೋಕೆ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗೋ ಗುರುತು) ಬೇಕು, ಸರ್ವರಿಗೆ ಕೊಡೋ ಪಾಸ್‌ಕೋಡ್ ಅದರಿಂದಲೇ ಬರುತ್ತೆ. ಪರೀಕ್ಷೆಗೆ 12 ವರ್ಷ ತುಂಬಿದ್ರೆ ಸಾಕು, ಕಾಲೇಜಿನೋರಿಗೆ ಅದೇನೂ ಕಷ್ಟ ಅಲ್ಲ, ಬರೆದುಬಿಡಿ. ಲೈಸೆನ್ಸ್ ಬಂದ್ಮೇಲೆ ಸುತ್ತಮುತ್ತ ಯಾರೂ ಇಲ್ದಿದ್ರೆ 145.825 ಮೆಗಾಹರ್ಟ್ಸಿಗೆ ಟ್ಯೂನ್ ಮಾಡಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಡಿಜಿಪೀಟರ್ ಆನ್ ಇದ್ದಾಗ ಅದು ನಿಮ್ಮ ತಲೆ ಮೇಲೆ ಹಾದುಹೋಗೋ ಹತ್ತು ನಿಮಿಷದೊಳಗೆ ದೂರದ ದೇಶದ ಹ್ಯಾಮ್‌ಗಳ ಪ್ಯಾಕೆಟ್ ಕೂಡ ನಿಮ್ಮ ಐಗೇಟಿಗೆ ಬೀಳಬಹುದು.