ಸಮುದ್ರತಳದ ಕೆಸರಿನಿಂದ ಸಾವಿರಾರು ವರ್ಷಗಳ ಹಿಂದಿನ ಕಡಲಿನ ಸ್ಥಿತಿಯನ್ನು ತಿಳಿಯುವುದು ಹೇಗೆ?

ಆ ಕೆಸರಿನಲ್ಲಿ ಹುದುಗಿರುವ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಸುಣ್ಣದ ಚಿಪ್ಪುಗಳು ತಾವು ಬೆಳೆದ ನೀರಿನ ರಾಸಾಯನಿಕ ಗುರುತನ್ನು ಉಳಿಸಿಕೊಂಡಿರುತ್ತವೆ. ಅದನ್ನು ಅಳೆದೇ ಅಂದಿನ ಕಡಲನ್ನು ತಿಳಿಯಲಾಗುತ್ತದೆ. ಈ ಚಿಪ್ಪುಗಳಲ್ಲಿ ಹೆಚ್ಚಿನವು ರಾಗಿ ಕಾಳಿಗಿಂತ ಚಿಕ್ಕವು. ಜೀವಿ ಸತ್ತ ಮೇಲೆ ಚಿಪ್ಪು ತಳಕ್ಕಿಳಿದು, ಆಳ ಸಮುದ್ರದಲ್ಲಿ ಸಾಮಾನ್ಯವಾಗಿ ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರಿನಂತೆ ಬೆಳೆಯುವ ಕೆಸರಿನ ಪದರಗಳಲ್ಲಿ ಸೇರಿಕೊಳ್ಳುತ್ತದೆ.

ಮುಖ್ಯ ಸುಳಿವು ಆಮ್ಲಜನಕದ್ದು. ಅದರ ಪರಮಾಣುಗಳಲ್ಲಿ ಹಗುರವಾದ 16 ಮತ್ತು ತುಸು ಭಾರವಾದ 18 ಎಂಬ ಬಗೆಗಳಿದ್ದು, ಹಗುರ ಬಗೆಯ ನೀರು ಹೆಚ್ಚು ಸುಲಭವಾಗಿ ಆವಿಯಾಗುತ್ತದೆ. ಸಾಮಾನ್ಯವಾಗಿ ಅದು, ಕನ್ನಂಬಾಡಿ ದಾಟಿದ ಮಳೆನೀರು ಕಾವೇರಿಯಲ್ಲಿ ಹರಿದು ಬಂಗಾಳ ಕೊಲ್ಲಿ ಸೇರುವಂತೆ, ಕಡಲಿಗೇ ಮರಳುತ್ತದೆ. ಹಿಮಯುಗದಲ್ಲಾದರೋ ಅದರ ಒಂದು ಪಾಲು ನೆಲದ ಮೇಲೆ ಮಂಜುಗಡ್ಡೆಯಾಗಿ ನಿಂತುಬಿಡುವುದರಿಂದ, ಕಡಲಿನಲ್ಲೂ ಅಲ್ಲಿ ಬೆಳೆದ ಚಿಪ್ಪಿನಲ್ಲೂ ಭಾರದ ಬಗೆಯ ಪಾಲು ಏರುತ್ತದೆ. ನೀರು ತಣ್ಣಗಾದರೂ ಚಿಪ್ಪಿನಲ್ಲಿ ಇದೇ ಪರಿಣಾಮ, ತೊಡಕಿರುವುದು ಇಲ್ಲಿಯೇ. 1955ರಲ್ಲಿ ಭೂವಿಜ್ಞಾನಿ ಚೆಸಾರೆ ಎಮಿಲಿಯಾನಿ ಈ ಏರಿಳಿತವನ್ನು ಬಹುಪಾಲು ಉಷ್ಣತೆಯದೆಂದು ಓದಿದರು. 1967ರಲ್ಲಿ ನಿಕೋಲಸ್ ಶ್ಯಾಕಲ್‌ಟನ್ ಹೆಚ್ಚಿನ ಪಾಲು ಮಂಜುಗಡ್ಡೆಯ ಪ್ರಮಾಣದ್ದೆಂದು ವಾದಿಸಿದರು. ಎರಡನ್ನೂ ಬೇರ್ಪಡಿಸಲು ಈಗ ಚಿಪ್ಪಿನ ಮೆಗ್ನೀಸಿಯಮ್ ಅಂಶವನ್ನೂ ಅಳೆಯುತ್ತಾರೆ, ಏಕೆಂದರೆ ಬೆಚ್ಚಗಿನ ನೀರಿನಲ್ಲಿ ಅದು ಹೆಚ್ಚಾಗಿ ಸೇರುತ್ತದೆ.

ಯಾವ ಪ್ರಭೇದ ಎಷ್ಟಿದೆ ಎಂಬ ಎಣಿಕೆಯೂ ಉಪಯುಕ್ತ. ಮಂಡ್ಯದ ನಾಲೆಗಳಿಗೆ ನೀರು ತರುವ ನೈಋತ್ಯ ಮುಂಗಾರಿನ ಗಾಳಿ ಬಲವಾದಾಗ ಅರಬ್ಬೀ ಸಮುದ್ರದ ಪಶ್ಚಿಮ ಭಾಗದಲ್ಲಿ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ಆಗ ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಎಂಬ ಪ್ರಭೇದ ಹುಲುಸಾಗಿ ಬೆಳೆಯುವುದರಿಂದ, ಪದರದಲ್ಲಿ ಅದರ ಪಾಲು ಹಳೆಯ ಮುಂಗಾರು ಗಾಳಿಯ ಬಲವನ್ನು ಸೂಚಿಸುತ್ತದೆ.