ನಿವೃತ್ತಿಯ ಹಣ ಮತ್ತು ನಾಲೆಯ ಗದ್ದೆ: ಹೆಡ್ ಕಾನ್‌ಸ್ಟೆಬಲ್ ಮಿತ್ರರ ಪ್ರಶ್ನೆಗೆ ಉತ್ತರ

ಮದ್ದೂರಿನ ಮಿತ್ರರಿಗೆ ನಮಸ್ಕಾರ. ಮುಂದಿನ ವರ್ಷ ಇಲಾಖೆಯಿಂದ ನಿವೃತ್ತರಾಗಲಿರುವ ತಾವು, ಇನ್ನೂ ತಂದೆಯವರ ಹೆಸರಿನಲ್ಲೇ ಇರುವ ಎರಡು ಎಕರೆ ನಾಲಾ ಬಯಲಿನಲ್ಲಿ ಗ್ರಾಚ್ಯುಟಿ ಹಣದಿಂದ ಬೋರ್‌ವೆಲ್ ಕೊರೆಸಿ ಅಡಿಕೆ ಹಾಕಬಹುದೇ ಎಂದು ಕೇಳಿದ್ದೀರಿ. ಅದೇ ಇಲಾಖೆಗೆ ಕಾನ್‌ಸ್ಟೆಬಲ್ ಆಗಿ ಸೇರಿ ಎ.ಎಸ್.ಐ. ಆಗಿ ಹೊರಬಂದು, ಈಗ ಮಂಡ್ಯ ತಾಲ್ಲೂಕಿನಲ್ಲಿ ಗದ್ದೆ ನೋಡಿಕೊಂಡಿರುವ ನನ್ನ ಅಭಿಪ್ರಾಯವೆಂದರೆ, ಮೊದಲ ಒಂದು ವರ್ಷ ಆ ಹಣವನ್ನು ಜಮೀನಿಗೆ ಹಾಕಬೇಡಿ. ಅದಕ್ಕೂ ಮುಂಚೆ, ಸಮವಸ್ತ್ರದಲ್ಲಿರುವಾಗಲೇ, ಸೇವಾ ಪುಸ್ತಕ ಮತ್ತು ಪಹಣಿ ಎರಡನ್ನೂ ಸರಿಪಡಿಸಿಕೊಳ್ಳಿ.

ನಮ್ಮ ಇಲಾಖೆಯಲ್ಲಿ ವರ್ಗಾವಣೆಗಳು ಹೆಚ್ಚಾದ್ದರಿಂದ ಸೇವಾ ಪುಸ್ತಕದಲ್ಲಿ ಒಂದಲ್ಲ ಒಂದು ನಮೂದು ಬಿಟ್ಟುಹೋಗಿರುವುದು ಸಾಮಾನ್ಯ. ಎಸ್.ಪಿ. ಕಚೇರಿಗೆ ಹೋಗಿ ಪ್ರತಿ ಪುಟವನ್ನೂ ನೀವೇ ಓದಿ, ವೇತನ ಬಡ್ತಿ, ರಜೆ ಲೆಕ್ಕ, ನಾಮನಿರ್ದೇಶನ, ಪತ್ನಿಯ ಹೆಸರು ಮತ್ತು ಜನ್ಮದಿನಾಂಕ ಸರಿಯಾಗಿವೆಯೇ ನೋಡಿ. ಗಳಿಕೆ ರಜೆಯ ನಗದೀಕರಣ ಗರಿಷ್ಠ 300 ದಿನಗಳಿಗೆ ಸಿಗುವುದರಿಂದ ರಜೆ ಲೆಕ್ಕದಲ್ಲಿನ ತಪ್ಪು ನೇರವಾಗಿ ಜೇಬಿಗೆ ತಟ್ಟುತ್ತದೆ. ಇಲಾಖಾ ವಿಚಾರಣೆ ಬಾಕಿ ಇದ್ದರೆ ತಾತ್ಕಾಲಿಕ ಪಿಂಚಣಿ ಮಾತ್ರ ಮಂಜೂರಾಗಿ ಗ್ರಾಚ್ಯುಟಿ ನಿಲ್ಲುತ್ತದೆ. ಹಾಗಾಗಿ ಹಳೆಯದೇನಾದರೂ ಉಳಿದಿದ್ದರೆ ಅದನ್ನು ಮುಗಿಸಿಕೊಳ್ಳಲು ಈಗಲೇ ಮನವಿ ಕೊಡಿ. ಮುದ್ದೆಮಾಲಿನ (ಪ್ರಕರಣಗಳಲ್ಲಿ ಜಪ್ತಿಯಾದ ವಸ್ತುಗಳ) ಜವಾಬ್ದಾರಿ ನಿಮ್ಮಲ್ಲಿದ್ದರೆ ರಿಜಿಸ್ಟರ್ ಪ್ರಕಾರ ಒಂದೊಂದನ್ನೂ ಎಣಿಸಿ ಕೊಟ್ಟು, ಪಡೆದವರ ಸಹಿ ಹಾಕಿಸಿಕೊಂಡು, ಅದರ ಪ್ರತಿಯನ್ನು ಮನೆಯಲ್ಲಿಡಿ. ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ: ನಿವೃತ್ತಿಯಾದರೂ ಸಾಕ್ಷಿ ಸಮನ್ಸ್ ನಿಲ್ಲುವುದಿಲ್ಲ. ಮಹಜರಿಗೋ ದಸ್ತಗಿರಿಗೋ ಹೋಗಿದ್ದ ಪ್ರಕರಣ ಎಷ್ಟೋ ವರ್ಷಗಳ ನಂತರ ವಿಚಾರಣೆಗೆ ಬಂದಾಗ ವಕೀಲರು ತಾರೀಖು, ವೇಳೆ ಎಲ್ಲವನ್ನೂ ಕೆದಕುತ್ತಾರೆ. ಬಾಕಿ ಇರುವ ಪ್ರಕರಣಗಳ ಅಪರಾಧ ಸಂಖ್ಯೆ, ಸಿ.ಸಿ. ನಂಬರ್ (ನ್ಯಾಯಾಲಯದ ಪ್ರಕರಣ ಸಂಖ್ಯೆ), ನ್ಯಾಯಾಲಯದ ಹೆಸರುಗಳನ್ನು ಒಂದು ಡೈರಿಯಲ್ಲಿ ಬರೆದಿಡಿ. ನಾಟಿಯ ಹಂಗಾಮಿನಲ್ಲಿ ಸಮನ್ಸ್ ಬಂದಾಗ ಅದು ಉಪಯೋಗಕ್ಕೆ ಬರುತ್ತದೆ.

ಹಣದ ವಿಷಯಕ್ಕೆ ಬಂದರೆ, ಪಿಂಚಣಿಯ ಮೂರನೇ ಒಂದು ಭಾಗದವರೆಗೆ ಪರಿವರ್ತನೆ (ಕಮ್ಯುಟೇಶನ್) ಮಾಡಿಸಿ, ಅಂದರೆ ತಿಂಗಳ ಪಿಂಚಣಿಯಲ್ಲಿ ಅಷ್ಟನ್ನು ಬಿಟ್ಟುಕೊಟ್ಟು, ಇಡಿಗಂಟು ಪಡೆಯಬಹುದು, ಆದರೆ ಕಡಿತವಾದ ಆ ಭಾಗ ಮತ್ತೆ ಪಿಂಚಣಿಗೆ ಸೇರುವುದು 15 ವರ್ಷಗಳ ನಂತರ. ಮನೆ ಸಾಲ ತೀರಿಸುವಂತಹ ಖಚಿತ ಉದ್ದೇಶವಿದ್ದರೆ ಪಡೆಯಿರಿ, ಅಡಿಕೆ ಸಸಿಗಾಗಿ ಬೇಡ. ಗ್ರಾಚ್ಯುಟಿಯ ಬಹುಪಾಲನ್ನು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಿ. ಅದರಲ್ಲಿ 30 ಲಕ್ಷದವರೆಗೆ ಐದು ವರ್ಷಕ್ಕೆ ಇಡಬಹುದು, ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತದೆ. ಹಣ ಬಂದ ಸುದ್ದಿ ನಮಗಿಂತ ಮೊದಲೇ ಊರು ಮುಟ್ಟುವುದರಿಂದ, ಕೈಸಾಲ ಕೇಳುವವರಿಗೆ ಕೊಡಲು ಇದೊಂದು ಸಭ್ಯ ಉತ್ತರವೂ ಆಗುತ್ತದೆ.

ಜಮೀನಿನಲ್ಲಿ ಮೊದಲ ಕೆಲಸ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅಣ್ಣತಮ್ಮಂದಿರಿದ್ದರೆ ವಿಭಾಗ, ಪೋಡಿ (ಸರ್ವೆ ನಂಬರ್ ಬೇರ್ಪಡಿಸುವುದು) ಮುಗಿಸಿ ಹದ್ದುಬಸ್ತು (ಗಡಿ ಅಳತೆ) ಮಾಡಿಸಿದ ಮೇಲಷ್ಟೇ ಬೋರ್‌ವೆಲ್ ಜಾಗದ ಮಾತು. ಪಿಎಂ ಕಿಸಾನ್ ಹಣವನ್ನು ಲೆಕ್ಕಕ್ಕೆ ಹಿಡಿಯಬೇಡಿ, ತಿಂಗಳಿಗೆ 10,000 ರೂಪಾಯಿ ಅಥವಾ ಹೆಚ್ಚು ಪಿಂಚಣಿ ಪಡೆಯುವ ನಮ್ಮಂತಹವರಿಗೆ ಅದು ಅನ್ವಯಿಸುವುದಿಲ್ಲ.

ಅಡಿಕೆಯ ಬಗ್ಗೆ ನನಗೆ ಗಟ್ಟಿಯಾದ ಆಕ್ಷೇಪವಿದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಬರುವುದು ಕಟ್ಟು ನೀರು, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ನೀರು. ಬೇಸಿಗೆಯಲ್ಲಿ ಅದನ್ನು ನಂಬಿ ಬಹುವಾರ್ಷಿಕ ಬೆಳೆ ಇಡುವಂತಿಲ್ಲ. 2023ರಲ್ಲಿ ಈ ನಾಲೆಗೆ ನೀರು ಕೊಡುವ ಕೆ.ಆರ್.ಎಸ್. ಜಲಾಶಯ ತನ್ನ ಗರಿಷ್ಠ ಮಟ್ಟವಾದ 124.80 ಅಡಿಯನ್ನು ಮುಟ್ಟಲೇ ಇಲ್ಲ. ಅಂತಹ ವರ್ಷ ಭತ್ತದವನು ಒಂದು ಬೆಳೆ ಬಿಟ್ಟರೆ ಸಾಕು, ಅಡಿಕೆಯವನು ತೋಟವನ್ನೇ ಬಿಡಬೇಕಾಗುತ್ತದೆ. ಮಳೆಗಾಲದಲ್ಲಿ ಇದಕ್ಕೆ ಉಲ್ಟಾ, ಪಕ್ಕದ ಭತ್ತದ ಗದ್ದೆಯ ಬಸಿ ನೀರು ನಿಂತು ಬೇರು ಕೊಳೆಯುತ್ತದೆ. ಅರವತ್ತಕ್ಕೆ ನೆಟ್ಟ ಅಡಿಕೆ ಸರಿಯಾದ ಫಸಲು ಕೊಡಲು ಇನ್ನೂ ಹಲವು ವರ್ಷ ಕಾಯಬೇಕೆಂಬುದನ್ನೂ ಯೋಚಿಸಿ. ಒಂದು ಎಕರೆಯಲ್ಲಿ ಭತ್ತ, ಎತ್ತರದ ಭಾಗದಲ್ಲಿ ರಾಗಿ, ಬದುಗಳ ಮೇಲೆ ತೆಂಗು ಇಡಿ. ಎಳನೀರಿಗೆ ಮದ್ದೂರಿನ ಮಾರುಕಟ್ಟೆ ನಿಮ್ಮ ಮನೆ ಬಾಗಿಲಲ್ಲೇ ಇದೆ. ಕಬ್ಬು ಹಾಕುವುದಾದರೆ ಕಟಾವಿನ ಆಳು ಮತ್ತು ಕಾರ್ಖಾನೆಯ ಸರದಿ ಎರಡಕ್ಕೂ ಕಾಯುವ ತಾಳ್ಮೆ ಇರಬೇಕು.

ತಾಳ್ಮೆ ಎಂದಾಗ ಒಂದು ಮಾತು ಸೇರಿಸುತ್ತೇನೆ. 1991ರಲ್ಲಿ, 2002ರಲ್ಲಿ, 2016ರಲ್ಲಿ ಕಾವೇರಿ ಗಲಾಟೆಯ ಬಂದೋಬಸ್ತಿನಲ್ಲಿ ನಾವು ಲಾಠಿ ಹಿಡಿದು ನಿಂತಾಗ ಎದುರಿಗಿದ್ದವರೇ ಇಂದು ನಮ್ಮ ಗದ್ದೆಯ ಅಕ್ಕಪಕ್ಕದವರು. ನನ್ನ ಬದುವಿನಾಚೆಯ ಹಿರಿಯರೊಬ್ಬರು ಮೊದಲ ಹಂಗಾಮು ಪೂರ್ತಿ ನನ್ನನ್ನು ‘ಸಾಹೇಬ್ರು’ ಎಂದೇ ಕರೆದರು, ಅದರಲ್ಲಿ ಗೌರವಕ್ಕಿಂತ ಕೊಂಕೇ ಹೆಚ್ಚಿತ್ತು. ತೂಬಿನ ಹತ್ತಿರ ರಾತ್ರಿ ಸರದಿಯ ಜಗಳವಾದರೆ ಠಾಣೆಗೆ ಫೋನ್ ಮಾಡುವ ಚಪಲಕ್ಕೆ ಬೀಳಬೇಡಿ; ನೀರು ಹಂಚುವ ನೀರುಗಂಟಿಯನ್ನು ಕರೆದು ಅವನ ಮಾತಿಗೆ ಒಪ್ಪಿಕೊಳ್ಳಿ. ಆಳುಗಳ ಜೊತೆಗೂ ಆರ್ಡರ್ಲಿಗೆ ಹೇಳಿದಂತೆ ಹೇಳಿದರೆ ಮರುದಿನ ಯಾರೂ ಬರುವುದಿಲ್ಲ.

ಸದ್ಯಕ್ಕೆ ಹೊಲದ ನಾಲ್ಕೈದು ಕಡೆ ಮಣ್ಣು ತೆಗೆದು ಬೆರೆಸಿ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರಕ್ಕೆ ಪರೀಕ್ಷೆಗೆ ಕೊಡಿ. ವರದಿ ಮತ್ತು ಪಹಣಿಯಲ್ಲಿನ ವಿಸ್ತೀರ್ಣವನ್ನು ನಮ್ಮ ಈ ಗುಂಪಿನಲ್ಲಿ ತಿಳಿಸಿದರೆ ಭತ್ತದ ತಳಿ ಯಾವುದೆಂದು ಇಲ್ಲಿನ ಹಿರಿಯ ರೈತರೇ ಹೇಳುತ್ತಾರೆ. ಒಂದು ಮುಂಗಾರು, ಒಂದು ಬೇಸಿಗೆ ನಾಲೆಯ ಸರದಿಯನ್ನು ನೀವೇ ಕಂಡ ಮೇಲೆ ಬೋರ್‌ವೆಲ್ ವಿಷಯ ಮಾತನಾಡೋಣ.