‘ಬಹುಮುಖ ಪ್ರತಿಭೆ’ ಎಂದು ಹನ್ನೊಂದು ಸಲ ಬರೆದವರಿಗೆ

ಆತ್ಮೀಯರೇ,

ಹಾಸ್ಯನಟ ದ್ವಾರಕೀಶ್ ನಿರ್ಮಿಸಿದ ಚಿತ್ರಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಹದಿನಾಲ್ಕು ಪುಟ. ಕಾಗುಣಿತದ ತಪ್ಪುಗಳು ಬೆರಳೆಣಿಕೆಯಷ್ಟು. ಅಲ್ಪಪ್ರಾಣ, ಮಹಾಪ್ರಾಣಗಳು ತಂತಮ್ಮ ಜಾಗದಲ್ಲಿವೆ. ಈಚೆಗೆ ನನ್ನ ಮೇಜಿಗೆ ಬರುವ ಬರಹಗಳಲ್ಲಿ ಇದು ಅಪರೂಪ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಪ್ರಕಟಿಸಲಾಗದ ಬರಹಕ್ಕೆ ನಮ್ಮ ಕಚೇರಿಯಿಂದ ಸಾಮಾನ್ಯವಾಗಿ ಎರಡು ಸಾಲಿನ ವಿಷಾದಪತ್ರ ಹೋಗುತ್ತದೆ. ನಿಮಗೆ ಇಷ್ಟುದ್ದ ಬರೆಯುವುದಕ್ಕೆ ಕಾರಣ ನಿಮ್ಮ ಹನ್ನೆರಡನೆಯ ಪುಟ. ಅದರ ಮಾತು ಕೊನೆಗೆ.

ಶೀರ್ಷಿಕೆಯಲ್ಲಿ ‘ಬಹುಮುಖ ಪ್ರತಿಭೆಯ ನಿರ್ಮಾಪಕ’ ಎಂದಿದ್ದೀರಿ. ಒಳಗೂ ಅದೇ ಮಾತು ತಿರುತಿರುಗಿ ಬರುತ್ತದೆ. ಪೆನ್ಸಿಲ್ ಹಿಡಿದು ಎಣಿಸಿದೆ, ಹನ್ನೊಂದು ಸಲ. ಸನ್ಮಾನ ಪತ್ರ ಬರೆಯುವವರು ಉಜ್ಜಿ ಉಜ್ಜಿ ಸವೆಸಿದ ಪದ ಅದು. ನಿವೃತ್ತ ಮುಖ್ಯೋಪಾಧ್ಯಾಯರಿಗೂ ಸಲ್ಲುತ್ತದೆ, ಸಹಕಾರ ಸಂಘದ ಅಧ್ಯಕ್ಷರಿಗೂ ಸಲ್ಲುತ್ತದೆ. ಹನ್ನೊಂದು ಕಡೆಯೂ ಹೊಡೆದು ಹಾಕಿ, ಆ ಜಾಗ ಖಾಲಿಯಾಗಿಯೇ ಇರಲಿ. ಅಲ್ಲಿ ಏನು ಹೇಳಬೇಕಿತ್ತು ಎಂದು ನಿಮಗೇ ತಿಳಿಯುತ್ತದೆ.

ಇನ್ನು ಲೇಖನದ ಮೈಕಟ್ಟು. ಒಂದು ಚಿತ್ರಕ್ಕೆ ಒಂದು ಪ್ಯಾರಾ. ಪ್ಯಾರಾದಲ್ಲಿ ನಾಲ್ಕು ಸಾಲಿನ ಕಥಾಸಾರ, ತಾರಾಗಣ, ಕೊನೆಗೆ ‘ಪ್ರೇಕ್ಷಕರ ಮನ ಗೆದ್ದಿತು’. ಹಾಗೆ ಮೂವತ್ತೆರಡು ಪ್ಯಾರಾಗಳು. ನಡುವೆ ‘ಹಾಸ್ಯ’, ‘ಪತ್ತೇದಾರಿ’, ‘ಕೌಟುಂಬಿಕ’, ‘ಭಯಾನಕ’ ಎಂಬ ಉಪಶೀರ್ಷಿಕೆಗಳು. ಓದುತ್ತಿದ್ದರೆ ದಿನಸಿ ಅಂಗಡಿಯ ಚೀಟಿ ನೆನಪಾಗುತ್ತದೆ: ಬೇಳೆ ಇಷ್ಟು, ಬೆಲ್ಲ ಇಷ್ಟು. ಚೀಟಿಯಲ್ಲಿ ಸುಳ್ಳೇನೂ ಇಲ್ಲ. ಆದರೆ ಮನೆಯಲ್ಲಿ ಏನು ಅಡುಗೆ ಮಾಡುತ್ತಾರೆ ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ಹದಿನಾಲ್ಕು ಪುಟಗಳಲ್ಲಿ ನೀವು ಚಿತ್ರಗಳ ಬಗ್ಗೆ ಬರೆದಿದ್ದೀರಿ, ನಿರ್ಮಾಪಕನ ಬಗ್ಗೆ ಬರೆದೇ ಇಲ್ಲ. ಕಥೆ ಕಥೆಗಾರನದು, ಅಭಿನಯ ನಟನದು, ಚೌಕಟ್ಟು ಛಾಯಾಗ್ರಾಹಕನದು. ಹಾಗಾದರೆ ನಿರ್ಮಾಪಕನದು ಎನ್ನುವುದು ಯಾವುದು? ಯಾವ ಕಥೆಗೆ ಹೂಂ ಎಂದ, ಯಾರ ಕೈಗೆ ಕೊಟ್ಟ, ಎಲ್ಲಿ ಹಣ ಸುರಿದ, ಎಲ್ಲಿ ಕೈ ಬಿಗಿ ಹಿಡಿದ, ಸೋತ ಮರುದಿನ ಏನು ಮಾಡಿದ. ಅವನ ಕೃತಿ ಇರುವುದು ಈ ತೀರ್ಮಾನಗಳಲ್ಲಿ. ಅವನ್ನು ಪರದೆಯ ಮೇಲೆ ನೋಡಲಾಗುವುದಿಲ್ಲ, ಹುಡುಕಬೇಕು.

ನಿಮ್ಮಲ್ಲೇ ಇರುವ ಸಾಮಗ್ರಿಯಿಂದ ತೋರಿಸುತ್ತೇನೆ. ‘ಮೇಯರ್ ಮುತ್ತಣ್ಣ’ನಿಗೆ ನೀವು ಕೊಟ್ಟಿರುವುದು ಆರು ಸಾಲು; ಅದರಲ್ಲಿ ಐದು ಸಾಲು ಹಳ್ಳಿಯವನೊಬ್ಬ ನಗರಕ್ಕೆ ಬಂದು ಮೇಯರ್ ಆಗುವ ಕಥೆ. ಅದು 1969ರ ಚಿತ್ರ. ಅದರ ಹಿಂದಿನ ವರ್ಷವೇ ರಾಜ್‌ಕುಮಾರ್ ನೂರು ಚಿತ್ರಗಳನ್ನು ಪೂರೈಸಿದ್ದರು. ಅಂಥ ನಟನ ಕಾಲ್‌ಶೀಟ್ ಕೈಯಲ್ಲಿರುವಾಗ ಯಾವ ನಿರ್ಮಾಪಕನೂ ಪಳಗಿದ ನಿರ್ದೇಶಕನ ಮನೆ ಬಾಗಿಲು ತಟ್ಟುತ್ತಾನೆ. ದ್ವಾರಕೀಶ್ ಅದನ್ನು ಕೊಟ್ಟದ್ದು ಅಲ್ಲಿಯವರೆಗೆ ಒಂದೂ ಚಿತ್ರ ನಿರ್ದೇಶಿಸದ ಸಿದ್ಧಲಿಂಗಯ್ಯನವರಿಗೆ. ಅದೇ ಸಿದ್ಧಲಿಂಗಯ್ಯ ಮೂರು ವರ್ಷಗಳ ನಂತರ ‘ಬಂಗಾರದ ಮನುಷ್ಯ’ ಮಾಡಿದರು. 1977ರ ‘ಭಾಗ್ಯವಂತರು’ ತೆಗೆದುಕೊಳ್ಳಿ. ಮತ್ತೆ ರಾಜ್‌ಕುಮಾರ್, ಮತ್ತೆ ಮೊದಲ ಚಿತ್ರದ ನಿರ್ದೇಶಕ, ಈ ಸಲ ಎಚ್.ಆರ್. ಭಾರ್ಗವ. ನಲವತ್ತು ವರ್ಷ ಬಿಟ್ಟು, ಮಗ ಯೋಗೀಶ್ ಕೆಲಸ ನೋಡಿಕೊಳ್ಳುತ್ತಿದ್ದಾಗ, ಸಂಸ್ಥೆಯ ಐವತ್ತನೆಯ ಚಿತ್ರ ‘ಚೌಕ’ (2017) ಹೋದದ್ದು ತರುಣ್ ಸುಧೀರ್ ಕೈಗೆ. ಅವರಿಗೂ ಅದು ಮೊದಲ ನಿರ್ದೇಶನ. ಈ ಮೂರು ಚಿತ್ರಗಳನ್ನು ನೀವು ಮೂರು ಬೇರೆ ಬೇರೆ ಉಪಶೀರ್ಷಿಕೆಗಳ ಕೆಳಗೆ ಹಂಚಿ ಹಾಕಿದ್ದೀರಿ. ಒಟ್ಟಿಗೆ ಇಟ್ಟು ನೋಡಿ: ಗಟ್ಟಿಯಾದ ತಾರಾಬಲವನ್ನು ಒಂದು ತಟ್ಟೆಗೆ ಹಾಕಿ ಇನ್ನೊಂದಕ್ಕೆ ಹೊಸಬನನ್ನು ಹಾಕುವುದು ಆ ಮನೆಯ ಪದ್ಧತಿಯಂತೆ ಕಾಣುವುದಿಲ್ಲವೇ?

ನಿಮ್ಮ ಪುಟ ಎರಡರಲ್ಲಿ ಒಂದು ಸಾಲು ಬಂದು ಹೋಗುತ್ತದೆ: ಮೆಕ್ಯಾನಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ ಓದಿದ ದ್ವಾರಕೀಶ್ ಮೈಸೂರಿನಲ್ಲಿ ಅಣ್ಣನ ಜೊತೆ ವಾಹನಗಳ ಬಿಡಿಭಾಗಗಳ ಅಂಗಡಿ ನಡೆಸುತ್ತಿದ್ದರು. ಇಂಥ ಸಾಲನ್ನು ಹೀಗೆ ದಾಟಿಕೊಂಡು ಹೋಗಬಹುದೇ? ಬಿಡಿಭಾಗಗಳ ಅಂಗಡಿಯವನು ಒಂದೇ ಕಂಪನಿಯ ಗಾಡಿಯನ್ನು ನಂಬಿಕೊಂಡು ಕೂರುವುದಿಲ್ಲ. ಲಾರಿಯವನು ಬಂದರೂ ಸ್ಕೂಟರಿನವನು ಬಂದರೂ ಬರಿಗೈಯಲ್ಲಿ ಕಳಿಸಬಾರದು. ಸಿನಿಮಾದ ಬಗೆಗಳ ವಿಷಯದಲ್ಲಿ ಅವರ ಬುದ್ಧಿ ಹೀಗೆಯೇ ಓಡಿತೆಂದು ನಾನು ಹೇಳುತ್ತಿಲ್ಲ. ಅದು ನನ್ನ ಊಹೆ, ಬೇಕಾದರೆ ಬಳಸಿ, ಬೇಡವಾದರೆ ಬಿಡಿ. ಆದರೆ ವೈವಿಧ್ಯವನ್ನು ಗುಣವೆಂದು ಹೊಗಳುವ ಮೊದಲು ಅದು ಎಲ್ಲಿಂದ ಬಂತೆಂದು ಹೀಗೆ ಯೋಚಿಸಬೇಕು.

ಇನ್ನೊಂದು ಕಾರಣವಂತೂ ಚಿತ್ರಗಳ ಹೆಸರಲ್ಲೇ ಇದೆ. ‘ಕುಳ್ಳ’. ನೀವು ಸಂಕೋಚದಿಂದ ಆ ಪದವನ್ನು ಸುತ್ತು ಹಾಕಿ, ‘ಕಡಿಮೆ ಎತ್ತರದ ಮೇರುನಟ’ ಎಂದಿದ್ದೀರಿ. (ಮೇರು, ಎತ್ತರ, ಇನ್ನೊಮ್ಮೆ ಓದಿಕೊಳ್ಳಿ.) ಅವರೇ ಆ ಪದವನ್ನು ಪೋಸ್ಟರಿನ ಮೇಲೆ ದಪ್ಪಕ್ಷರದಲ್ಲಿ ಹಾಕಿ ದುಡಿಸಿಕೊಂಡವರು. ಆ ಮೈಕಟ್ಟಿನ ನಟನಿಗೆ ಬೇರೆ ನಿರ್ಮಾಪಕರು ಕೊಡುತ್ತಿದ್ದದ್ದು ನಾಯಕನ ಪಕ್ಕದ ಪಾತ್ರ. ನಾಯಕನಾಗಬೇಕಾದರೆ ಹಣ ತಾನೇ ಹಾಕಬೇಕು. ಹಾಗೆ 1972ರಲ್ಲಿ ‘ಕುಳ್ಳ ಏಜೆಂಟ್ 000’ ಬಂತು. ಅದಕ್ಕೆ ನಾಲ್ಕು ವರ್ಷ ಮೊದಲು ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆಗಿದ್ದರು. ಆ ಒಂಬತ್ತುಗಳ ಎದುರು ಈ ಸೊನ್ನೆಗಳನ್ನು ಇಟ್ಟು ನೋಡಿ, ತಮಾಷೆ ತಾನಾಗಿಯೇ ತಿಳಿಯುತ್ತದೆ. ನೀವು ಅದನ್ನು ‘ಪತ್ತೇದಾರಿ ಚಿತ್ರ’ ಎಂದು ಗಂಭೀರವಾಗಿ ವರ್ಗೀಕರಿಸಿಬಿಟ್ಟಿದ್ದೀರಿ! ಆ ಚಿತ್ರಕ್ಕೆ ಕಿಶೋರ್ ಕುಮಾರ್ ಅವರಿಂದ ಕನ್ನಡದ ಹಾಡು ಹಾಡಿಸಿದರಲ್ಲ, ಅದೂ ನಿರ್ಮಾಪಕನ ತೀರ್ಮಾನವೇ. ಹಾಸ್ಯನಟ ನಾಯಕನಾದ ಚಿತ್ರಕ್ಕೆ ಮುಂಬಯಿಯ ಕಂಠ ತರಿಸುವುದರಲ್ಲಿ ಎಷ್ಟು ಹುಂಬತನವಿದೆ, ಎಷ್ಟು ವ್ಯಾಪಾರವಿದೆ ಎಂದು ಒಂದು ಪುಟ ಬರೆದರೂ ಓದುತ್ತೇನೆ. 1978ರ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ಕ್ಕಾಗಿ ಚಿತ್ರತಂಡವನ್ನು ಕಟ್ಟಿಕೊಂಡು ಸಮುದ್ರ ದಾಟಿದ್ದನ್ನೂ ಇದರ ಜೊತೆಗೇ ಇಡಿ.

ತಪ್ಪುಗಳು ಮೂರು. ‘ಮೇಯರ್ ಮುತ್ತಣ್ಣ’ ಅವರು ಹಣ ಹಾಕಿದ ಮೊದಲ ಚಿತ್ರವಲ್ಲ, 1966ರ ‘ಮಮತೆಯ ಬಂಧನ’ದಲ್ಲಿ ಪಾಲುದಾರರಾಗಿದ್ದರು. ‘ಆಪ್ತಮಿತ್ರ’ ತಮಿಳಿನ ‘ಚಂದ್ರಮುಖಿ’ಯ ರೀಮೇಕ್ ಅಲ್ಲ, ‘ಆಪ್ತಮಿತ್ರ’ 2004ರದು, ‘ಚಂದ್ರಮುಖಿ’ ಮರುವರ್ಷದ್ದು, ಎರಡಕ್ಕೂ ಪಿ. ವಾಸು ಅವರೇ ನಿರ್ದೇಶಕರು. ಇನ್ನು ‘ಕನ್ನಡದ ಗಡಿ ದಾಟಲಿಲ್ಲ’ ಎಂಬ ನಿಮ್ಮ ಮಾತು. ರಜನಿಕಾಂತ್ ಅವರನ್ನು ಹಾಕಿಕೊಂಡು 1983ರಲ್ಲಿ ತಮಿಳಿನ ‘ಅಡುತ್ತ ವಾರಿಸು’, 1984ರಲ್ಲಿ ಹಿಂದಿಯ ‘ಗಂಗ್ವಾ’ ತೆಗೆದವರ ಬಗ್ಗೆ ಹೀಗೆ ಬರೆದರೆ ಓದುಗರು ನನಗೆ ಪತ್ರ ಬರೆಯುತ್ತಾರೆ, ನಿಮಗಲ್ಲ.

ರೀಮೇಕ್ ಎಂಬ ಪದ ಬಂದಾಗಲೆಲ್ಲ ನಿಮ್ಮ ಲೇಖನಿ ತಗ್ಗಿ ನಡೆಯುತ್ತದೆ. ‘ಪ್ರೇರಣೆ ಪಡೆದು’, ‘ಛಾಯೆ ಇದ್ದರೂ’ ಎಂದೆಲ್ಲ ಬರೆಯುತ್ತೀರಿ. ಅಭಿಮಾನ ಅರ್ಥವಾಗುತ್ತದೆ. ಆದರೆ ‘ನೀ ಬರೆದ ಕಾದಂಬರಿ’ ಹಿಂದಿಯ ‘ಪ್ಯಾರ್ ಝುಕ್ತಾ ನಹೀ’ಯಿಂದ ಬಂದದ್ದು ಎಂದು ನೇರವಾಗಿ ಬರೆದರೆ ಯಾರ ಗೌರವವೂ ಕಡಿಮೆಯಾಗದು. ಎರಡೂ 1985ರ ಚಿತ್ರಗಳು. ಅಷ್ಟು ಬೇಗ ಹಕ್ಕು ತಂದು, ವಿಷ್ಣುವರ್ಧನ್ ಮತ್ತು ಭವ್ಯ ಅವರನ್ನು ಹಾಕಿಕೊಂಡು, ತಾವೇ ಮೊದಲ ಸಲ ನಿರ್ದೇಶಕರ ಕುರ್ಚಿಯಲ್ಲಿ ಕೂತು ಮುಗಿಸಿದರು. ಮರುವರ್ಷ ಅದೇ ಕಥೆಯನ್ನು ತಮಿಳಿನಲ್ಲಿ ರಜನಿಕಾಂತ್, ಶ್ರೀದೇವಿ ಅವರೊಂದಿಗೆ ನಿರ್ದೇಶಿಸಿದರು. ಇದರಲ್ಲಿ ಮರೆಮಾಚುವಂಥದ್ದೇನಿದೆ?

‘ಆಪ್ತಮಿತ್ರ’ದ ಬಗ್ಗೆ ಬರೆಯುವಾಗಂತೂ ನೀವು ನಿಧಾನಿಸಲೇಬೇಕಿತ್ತು. ಅದರ ಮೂಲ, ಫಾಝಿಲ್ ನಿರ್ದೇಶನದ ಮಲಯಾಳದ ‘ಮಣಿಚಿತ್ರತ್ತಾಳ್’, 1993ರದು. ಹನ್ನೊಂದು ವರ್ಷ ಆ ಕಥೆ ಗಾಂಧಿನಗರದ ಕಣ್ಣೆದುರೇ ಬಿದ್ದಿತ್ತು. ಕೊನೆಗೆ ಅದನ್ನು ಎತ್ತಿಕೊಂಡವರು ಸಾಲದಲ್ಲಿ ಮುಳುಗಿ, ಮನೆಗಳನ್ನು ಮಾರಿಕೊಂಡಿದ್ದ ಅರುವತ್ತು ದಾಟಿದ ಮನುಷ್ಯ. ಇದನ್ನು ದ್ವಾರಕೀಶ್ ಸಂದರ್ಶನಗಳಲ್ಲಿ ತಾವೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ನೀವು ಮಾತ್ರ ‘ಕೆಲವು ಚಿತ್ರಗಳು ನಿರೀಕ್ಷಿತ ಯಶಸ್ಸು ಕಾಣಲಿಲ್ಲ’ ಎಂದು ಸರ್ಕಾರಿ ಪ್ರಕಟಣೆಯ ಧಾಟಿಯಲ್ಲಿ ಮುಗಿಸಿದ್ದೀರಿ. ಸೋಲಿನ ಲೆಕ್ಕ ಕೊಡದೆ ಗೆಲುವಿನ ತೂಕ ಹೇಗೆ ತೋರಿಸುತ್ತೀರಿ?

ಬದಲಾವಣೆಗಳನ್ನೂ ಗಮನಿಸಿ. ಮಲಯಾಳದಲ್ಲಿ, ಹಳೆಯ ಮನೆಯೊಂದನ್ನು ಕಾಡುವ ನಾಗವಲ್ಲಿ ತಮಿಳು ನರ್ತಕಿ; ಕೇರಳದ ಮನೆಯಲ್ಲಿ ತಮಿಳು ಕೇಳಿದಾಗ ಅಲ್ಲಿನವರಿಗೆ ಬೆನ್ನು ತಣ್ಣಗಾಗುತ್ತದೆ. ಕನ್ನಡಕ್ಕೆ ಬಂದಾಗ ಅವಳ ಬಾಯಲ್ಲಿ ತೆಲುಗು ಬಂತು. ನಮ್ಮ ಪ್ರೇಕ್ಷಕನಿಗೆ ಅರ್ಧ ಅರ್ಥವಾಗಿ ಅರ್ಧ ಬಿಟ್ಟುಹೋಗುವ ಪಕ್ಕದ ಮನೆಯ ಭಾಷೆ ಯಾವುದು ಎಂದು ಯಾರೋ ಕೂತು ಯೋಚಿಸಿದ್ದಾರೆ. ತಮಿಳಿಗೆ ಹೋದಾಗಲೂ ವಾಸು ಆ ತೆಲುಗನ್ನೇ ಉಳಿಸಿಕೊಂಡರು. ಆ ಪಾತ್ರ ಮಾಡಿದ ಸೌಂದರ್ಯ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಚಿತ್ರ ತೆರೆಗೆ ಬಂದದ್ದು ಆಗಸ್ಟ್‌ನಲ್ಲಿ. ನಿಮ್ಮ ಲೇಖನದಲ್ಲಿ ಇದು ಆವರಣದೊಳಗಿನ ಟಿಪ್ಪಣಿ. ಬದಲಿಗೆ ವಿಷ್ಣುವರ್ಧನ್ ಮತ್ತು ದ್ವಾರಕೀಶ್ ನಡುವಿನ ಮುನಿಸಿಗೆ ಮೂರು ಪುಟ ಕೊಟ್ಟಿದ್ದೀರಿ, ಎಲ್ಲವೂ ‘ಎನ್ನಲಾಗುತ್ತದೆ’ ಎಂದು ಮುಗಿಯುವ ವಾಕ್ಯಗಳು. ಆ ಮೂರು ಪುಟಗಳನ್ನು ತೆಗೆಯಿರಿ. ಮುನಿದಿದ್ದರು, ಮತ್ತೆ ಒಂದಾದರು. ಒಂದು ಸಾಲು ಸಾಕು.

ಮೂವತ್ತೆರಡು ಚಿತ್ರಗಳಲ್ಲಿ ಐದನ್ನೋ ಆರನ್ನೋ ಉಳಿಸಿಕೊಳ್ಳಿ. ‘ಗುರು ಶಿಷ್ಯರು’ ಇರಲಿ, ಅದಿಲ್ಲದಿದ್ದರೆ ನನಗೇ ಬೇಸರವಾಗುತ್ತದೆ. ಟೆಂಟಿನಲ್ಲಿ ನೆಲದ ಮೇಲೆ ಕೂತು ಆ ಪೆದ್ದ ಶಿಷ್ಯರನ್ನು ನೋಡಿದವರಲ್ಲಿ ನಾನೂ ಒಬ್ಬ. ‘ಆಫ್ರಿಕಾದಲ್ಲಿ ಶೀಲಾ’ ಬಿಡಬಹುದು. ಉಳಿದವಕ್ಕೆ ಲೇಖನದ ಪಕ್ಕ ಒಂದು ಪಟ್ಟಿ ಹಾಕೋಣ, ಅದು ನಮ್ಮ ಪುಟವಿನ್ಯಾಸದವರ ಕೆಲಸ. ಒಟ್ಟು ಸಾವಿರದ ಆರುನೂರು ಪದ ಮೀರಬಾರದು. ‘2024ರ ಏಪ್ರಿಲ್ 16ರಂದು ಕಲಾಮಾತೆಯ ಮಡಿಲು ಸೇರಿದರು’ ಎಂದಿದ್ದೀರಿ. ‘ತೀರಿಕೊಂಡರು’ ಎನ್ನಿ.

ಈಗ ಹನ್ನೆರಡನೆಯ ಪುಟ. ನಿಮ್ಮ ಸೋದರಮಾವ ನಿಮ್ಮೂರಿನ ಟಾಕೀಸಿನಲ್ಲಿ ಗೇಟ್‌ಕೀಪರ್ ಆಗಿದ್ದರು. ‘ಆಪ್ತಮಿತ್ರ’ದ ಎರಡನೆಯ ಆಟ ಬಿಟ್ಟ ಮೇಲೆ ಹೆಂಗಸರು ಒಬ್ಬೊಬ್ಬರೇ ಹೋಗಲು ಹೆದರುತ್ತಿದ್ದರೆಂದು ಟಾರ್ಚ್ ಹಿಡಿದು ಕೆರೆ ಏರಿಯವರೆಗೆ ಬಿಟ್ಟು ಬರುತ್ತಿದ್ದರು ಎಂದು ಬರೆದಿದ್ದೀರಿ. ಎರಡೇ ಸಾಲು, ಮುಂದೆ ಮತ್ತೆ ಬಹುಮುಖ ಪ್ರತಿಭೆ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ. ಹಂಚಿಕೆದಾರನ ಪ್ರತಿನಿಧಿ ಬಂದು ರಾತ್ರಿ ಕಲೆಕ್ಷನ್ ಲೆಕ್ಕ ಹಾಕುವುದನ್ನು ಅವರು ಕಣ್ಣಾರೆ ನೋಡಿರುತ್ತಾರೆ. ಯಾವ ಚಿತ್ರಕ್ಕೆ ಎಷ್ಟು ದಿನ ಬೆಂಚು ತುಂಬಿತು, ಯಾವುದನ್ನು ಮೂರನೆಯ ದಿನಕ್ಕೇ ಎತ್ತಿದರು ಎಂಬುದು ನನಗಿಂತ, ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರು ಈಗಲೂ ಅದೇ ಊರಿನಲ್ಲಿದ್ದಾರೆ ಎಂದಿದ್ದೀರಿ. ಈ ಭಾನುವಾರ ಹೋಗಿ ಬನ್ನಿ. ಎಷ್ಟು ದಿನ ಹಾಗೆ ಟಾರ್ಚ್ ಹಿಡಿದು ನಡೆದರು, ಸೆಲ್ಲಿನ ದುಡ್ಡು ಟಾಕೀಸಿನವರು ಕೊಟ್ಟರೋ ಅವರ ಜೇಬಿನದೋ, ಕೇಳಿಕೊಂಡು ಬನ್ನಿ.

ನಿಮ್ಮ
ಸಂಪಾದಕ